ಕಾಫಿಯ ಹಿಂದೆ, ಹುಣಸೂರಿನ ಗೇಟಿನವರೆಗೆ

ಬೆಳಗಿನ ಆರಕ್ಕೆ ಮೊದಲೇ ಬೆಟ್ಟದಪುರದ ಬಸ್ ನಿಲ್ದಾಣದ ಎದುರು ಜೀಪು ಬಂದು ನಿಂತಿತ್ತು. ಜನವರಿಯ ಕೊನೆಯ ವಾರ. ಮಂಜು ದಟ್ಟವಾಗಿ ಕವಿದು, ಊರಿನ ನೆತ್ತಿಯ ಮೇಲೆಯೇ ಇರುವ ಬೆಟ್ಟ ಕಾಣುತ್ತಿರಲಿಲ್ಲ. ಹಿಂದಿನ ಸಂಜೆ ಮೈಸೂರಿನಿಂದ ಬಸ್ಸಿನಲ್ಲಿ ಬಂದು ಪರಿಚಯದ ಮೇಷ್ಟರೊಬ್ಬರ ಮನೆಯಲ್ಲಿ ಮಲಗಿದ್ದೆ. ಕಾಫಿ ಗಿಡದಿಂದ ಲೋಟಕ್ಕೆ ಬರುವ ದಾರಿಯನ್ನು ಕಣ್ಣಾರೆ ನೋಡಿ ಭಾನುವಾರದ ಪುರವಣಿಗೆ ಬರೆದುಕೊಡುವುದು ನನಗೆ ಒಪ್ಪಿಸಿದ್ದ ಕೆಲಸ. ಕಾಫಿ ಕುಡಿಯುತ್ತ ಓದುವಂತಿರಲಿ ಎಂದು ಸಂಪಾದಕರು ಹೇಳಿ ಕಳಿಸಿದ್ದರು. ಅವರ ಆ ಮಾತನ್ನು ಪೂರ್ತಿಯಾಗಿ ನಡೆಸಿಕೊಡಲು ನನ್ನಿಂದ ಆಗಿಲ್ಲ.

ಪಿರಿಯಾಪಟ್ಟಣ ತಾಲ್ಲೂಕಿನ ಹಳ್ಳಿಗಳಿಂದ ಕೊಡಗಿನ ತೋಟಗಳಿಗೆ ಹಣ್ಣು ಬಿಡಿಸಲು ಹೋಗುವ ಹೆಂಗಸರನ್ನು ಹೀಗೆ ಜೀಪುಗಳು ದಿನವೂ ತುಂಬಿಕೊಂಡು ಹೋಗುತ್ತವೆ. ಸಂಜೆ ತಂದು ಇಳಿಸುತ್ತವೆ. ಒಳಗೆ ಎಷ್ಟು ಜನರಿದ್ದಾರೆಂದು ಎಣಿಸಲು ನೋಡಿದೆ. ಒಬ್ಬರ ತೊಡೆಯ ಮೇಲೆ ಇನ್ನೊಬ್ಬರು ಕೂತಿದ್ದರು, ಹಿಂದಿನ ಮೆಟ್ಟಿಲ ಮೇಲೆ ನಿಂತವರು ಆಗಾಗ ಒಳಗಿನವರೊಂದಿಗೆ ಜಾಗ ಬದಲಾಯಿಸಿಕೊಳ್ಳುತ್ತಿದ್ದರು. ಎಣಿಕೆ ಬಿಟ್ಟುಬಿಟ್ಟೆ. ಕೂಲಿಯವರನ್ನು ಕೂಡಿಸಿ ಕಳಿಸುವ ಮೇಸ್ತ್ರಿ ನನಗೆ ಮುಂದಿನ ಸೀಟು ತೋರಿಸಿದ. ಹಿಂದೆಯೇ ಕೂರುತ್ತೇನೆ ಎಂದೆ.

"ಬನ್ನಿ ಸಾ, ಜಾಗ ಬೇಕಾದಷ್ಟದೆ" ಎಂದಳು ಬಾಗಿಲ ಬಳಿಯಿದ್ದ ಜಯಮ್ಮ. "ನಮ್ ಸಾಕಕ್ಕ ವಸಿ ಉಸುರು ಬಿಗಿ ಇಡುದ್ರೆ ನೀವು, ನಿಮ್ ಚೀಲ, ಇನ್ನೊಂದು ಎಮ್ಮೆ ಎಲ್ಲಾ ಇಡಿಸ್ತದೆ."

"ಎಮ್ಮೆ ಆಗ್ಲೇ ಅತ್ತಿ ಕುಂತದಲ್ಲೇ, ಮಾತಾಡ್ತಾ ಅದೆ" ಎಂದಳು ಸಾಕಮ್ಮ. ಜೀಪು ನಗುತ್ತಲೇ ಹೊರಟಿತು.

ಸಾಕಮ್ಮನಿಗೆ ಐವತ್ತು ಹತ್ತಿರವಿರಬಹುದು. ಬಲಗಾಲನ್ನು ಮಡಿಸಲು ಆಗದೆ ನೇರವಾಗಿ ಚಾಚಿ ಕೂತಿದ್ದಳು. ಹೋದ ತಿಂಗಳು ತೋಟದ ಇಳಿಜಾರಿನಲ್ಲಿ ಜಾರಿ ಮಂಡಿಗೆ ಪೆಟ್ಟಾಗಿತ್ತಂತೆ. ಇಲ್ಲಿಂದ ಹುಣಸೂರಿನ ಕ್ಯೂರಿಂಗ್ ವರ್ಕ್ಸಿಗೆ, ಅಂದರೆ ತೋಟದ ಕಾಫಿಯನ್ನು ಸಿಪ್ಪೆ ಬಿಡಿಸಿ ಹದಮಾಡುವ ಕಾರ್ಖಾನೆಗೆ, ಹೋಗುತ್ತೇನೆಂದು ನಾನು ಹೇಳಿದೆ. ಅವಳು ತಟ್ಟನೆ ನನ್ನ ಕಡೆ ತಿರುಗಿದಳು.

"ಯಾವಾಗ ಓಯ್ತೀರಿ?"

"ನಾಳೆ ಲಾರಿಯಲ್ಲಿ ಹುಣಸೂರಿಗೆ. ವರ್ಕ್ಸಿನ ಒಳಗೆ ಬಿಡುವುದು ಸೋಮವಾರ."

"ಸ್ವಾಮಾರ ನಾನೂ ಬತ್ತೀನಿ. ಆವತ್ತು ಆರ್ಸೋ ಕೆಲ್ಸಕ್ಕೆ ಜನ ತಕ್ಕತ್ತಾರೆ."

ದಾರಿಯಲ್ಲಿ ಅವಳು ಹೇಳಿದ್ದರ ಸಾರ ಇಷ್ಟು. ಹದಮಾಡಿದ ಬೀಜದಲ್ಲಿ ಕಪ್ಪಾದದ್ದು, ಮುರಿದದ್ದು, ಹುಳು ಕೊರೆದದ್ದು ಇರುತ್ತದೆ. ಅದನ್ನು ಕೈಯಿಂದ ಆರಿಸಿ ತೆಗೆಯುವವರು ಹೆಂಗಸರು. ಸಾಕಮ್ಮ ಮದುವೆಯಾಗಿ ಬಂದ ವರ್ಷದಿಂದ ಆ ಕೆಲಸ ಮಾಡಿದವಳು. ಬೆಟ್ಟದಪುರದಿಂದ ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಮನೆ ಸೇರುತ್ತಿದ್ದಳು. ಕೂತು ಮಾಡುವ ಕೆಲಸ. ತೋಟದ ಹಣ್ಣು ಮುಗಿದ ಮೇಲೂ ಇನ್ನಷ್ಟು ತಿಂಗಳು ನಡೆಯುವ ಕೆಲಸ. ಕಳೆದ ವರ್ಷ ಅದು ತಪ್ಪಿಹೋಯಿತು. ಕಾರಣ, ಅವಳು ಕನ್ನಡಕ ಹಾಕಿಕೊಂಡಿದ್ದನ್ನು ಸೂಪರ್ವೈಸರ್ ನೋಡಿದ.

ನನಗೆ ಅರ್ಥವಾಗಲಿಲ್ಲ. ಮತ್ತೊಮ್ಮೆ ಕೇಳಿದೆ.

"ಕನ್ನಡ್ಕ ಆಕ್ಕಂಡೋರ್ಗೆ ಅಲ್ಲಿ ಕೆಲ್ಸ ಇಲ್ಲ ಸಾ."

"ಕಣ್ಣು ಕಾಣದವರಿಗೋ?"

"ಕಾಣ್ದೇ ಇದ್ದೋರ್ಗೂ ಇಲ್ಲ, ಕಾಣ್ಲಿ ಅಂತ ಆಕ್ಕಂಡೋರ್ಗೂ ಇಲ್ಲ. ದೂರದ್ದು ನಂಗೆ ಚಂದಾಗಿ ಕಾಣ್ತದೆ. ಅಕಾ, ಆ ಮರದ ಮ್ಯಾಗಿನ ಕಾಗೆ ಕಾಣ್ತದೆ. ಅತ್ರದ್ದೇ ಮಬ್ಬು. ಕನ್ನಡ್ಕ ಆಕ್ಕಂಡ್ರೆ ಅದೂ ಕಾಣ್ತದೆ."

ಜಯಮ್ಮ ನನ್ನ ಮೂಗಿನ ಮೇಲಿನ ಕನ್ನಡಕವನ್ನೇ ನೋಡುತ್ತಿದ್ದಳು. "ನಿಮ್ಮಾಪೀಸಲ್ಲಿ ಒಳಕ್ಕೆ ಬುಡ್ತಾರಾ ಸಾ?" ಎಂದು ಕೇಳಿದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಆ ಪ್ರಶ್ನೆ ಮುಂದಿನ ಮೂರು ದಿನವೂ ನನ್ನ ಜೊತೆಗೇ ಬಂದಿತು.

ಪಿರಿಯಾಪಟ್ಟಣ ದಾಟಿದ ಮೇಲೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಕೊಠಡಿಗಳು ಕಡಿಮೆಯಾಗುತ್ತ ಬಂದವು. ಬೇಯಿಸುವ ಕಾಲ ಮುಗಿದಿದ್ದರಿಂದ ಅವುಗಳ ಬಾಗಿಲು ಮುಚ್ಚಿತ್ತು. ಆಮೇಲೆ ಮಾಲ್ದಾರೆಯ ಕಾಡು. ರಸ್ತೆಯ ಮೇಲೆ ಆನೆಯ ಹಸಿ ಲದ್ದಿ ಬಿದ್ದಿತ್ತು. ಚಾಲಕ ವೇಗ ತಗ್ಗಿಸಲಿಲ್ಲ, ಇನ್ನಷ್ಟು ಹೆಚ್ಚಿಸಿದ. ಮೆಟ್ಟಿಲ ಮೇಲಿದ್ದ ಹೆಂಗಸರು ಕಂಬಿಯನ್ನು ಎರಡು ಕೈಯಲ್ಲಿ ಹಿಡಿದು ಮುಖ ತಗ್ಗಿಸಿದರು. ತೋಟ ತಲುಪುವ ಹೊತ್ತಿಗೆ ಮಂಜು ಹರಿದು ಬಿಸಿಲು ಬಿದ್ದಿತ್ತು.

ಅದು ರೊಬಸ್ಟಾ ಜಾತಿಯ ಕಾಫಿಯ ತೋಟ. ಗಿಡದ ಕೆಳಗೆ ಗೋಣಿತಾಟು ಹಾಸಿ, ಕೊಂಬೆಯನ್ನು ಬಗ್ಗಿಸಿ, ಗೊಂಚಲನ್ನು ಮುಷ್ಟಿಯಲ್ಲಿ ಹಿಡಿದು ಎಳೆಯುತ್ತಾರೆ. ಕೆಂಪು ಹಣ್ಣಿನ ಜೊತೆಗೆ ಎಲೆ, ಇರುವೆ, ಕಾಯಿ ಎಲ್ಲವೂ ತಾಟಿನ ಮೇಲೆ ಬೀಳುತ್ತದೆ. ಕೆಂಜಿರುವೆಗಳು ಮೊಣಕೈಯವರೆಗೂ ಹತ್ತುತ್ತಿದ್ದವು. ಹಳೆಯ ಅಂಗಿಯ ತೋಳು ಕತ್ತರಿಸಿ ಹೆಂಗಸರು ಕೈಗೆ ಕವಚ ಮಾಡಿಕೊಂಡಿದ್ದರು. ಸಾಕಮ್ಮ ಇಳಿಜಾರಿನ ಕೆಳಗಿನ ಸಾಲನ್ನು ಬಿಟ್ಟು ಮೇಲಿನದನ್ನು ಕೇಳಿ ಪಡೆದಿದ್ದಳು. ತುಂಬಿದ ಚೀಲವನ್ನು ಏರಿನ ಮೇಲಕ್ಕೆ ಹೊರುವುದು ಅವಳಿಂದ ಆಗುತ್ತಿರಲಿಲ್ಲ. ಜಯಮ್ಮ ತನ್ನದರ ಜೊತೆಗೆ ಅವಳದನ್ನೂ ಹೊತ್ತಳು. ಹೊರುವಾಗಲೆಲ್ಲ ಬೈಯುತ್ತಲೇ ಇದ್ದಳು.

ಮಧ್ಯಾಹ್ನ ಎಲ್ಲರೂ ನೆರಳಿಗೆ ಬಂದರು. ಮುದ್ದೆ, ಉಪ್ಸಾರು, ಈರುಳ್ಳಿ. ಸಾಕಮ್ಮ ಡಬ್ಬಿಯ ಮೇಲಿನ ತಟ್ಟೆ ತೆಗೆದಳು. ಅದರಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಕನ್ನಡಕವಿತ್ತು.

"ವರ್ಕ್ಸಲ್ಲಿ ಎಲ್ರೂ ಇಂಗೇ ಇಟ್ಕತ್ತಾರೆ" ಎಂದಳು. "ಗೇಟಲ್ಲಿ ಚೀಲ ನೋಡ್ತಾರೆ, ಡಬ್ಬಿ ತಗ್ದು ನೋಡಾಕಿಲ್ಲ. ಗೇಟು ದಾಟಿ ಈಚ್ಗೆ ಬಂದ್ಮ್ಯಾಲೆ ಆಕ್ಕತ್ತೀವಿ."

"ಇವ್ಳ ಕನ್ನಡ್ಕ ನೆಕ್ಕುದ್ರೆ ಸಾರಿನ ರುಚಿ ಗೊತ್ತಾಗ್ತದೆ ಸಾ" ಎಂದಳು ಜಯಮ್ಮ.

ಕನ್ನಡಕವನ್ನು ಕೈಗೆ ತೆಗೆದುಕೊಂಡು ನೋಡಿದೆ. ಹುಣಸೂರಿನ ಶಾಲೆಯೊಂದರಲ್ಲಿ ನಡೆದ ಉಚಿತ ಕಣ್ಣಿನ ಶಿಬಿರದಲ್ಲಿ ಸಿಕ್ಕಿದ್ದು ಎಂದಳು. ಕೊಟ್ಟವರು ಯಾರೆಂದು ಕೇಳಿದೆ. "ವರ್ಕ್ಸಿನ ಯಜಮಾನ್ರೇ" ಎಂದಳು. ಅವಳ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ನಾನು ಕೇಳಿದೆ, ಅವಳು ಹೇಳಿದಳು, ಅಷ್ಟೇ. ಸುದ್ದಿಯನ್ನು ಎರಡನೆಯ ಬಾಯಿಂದ ಕೇಳಿ ಖಚಿತಪಡಿಸಿಕೊಳ್ಳದೆ ಬರೆಯಬಾರದು. ಜಯಮ್ಮನನ್ನು ಕೇಳಿದೆ. "ಊಂ, ಅವ್ರೇಯ. ಸ್ಟೇಜ್ ಮ್ಯಾಲೆ. ಪೋಟೋನೂ ತಗುದ್ರು" ಎಂದಳು.

ಸಂಜೆ ಜೀಪು ಹೆಂಗಸರನ್ನು ತುಂಬಿಕೊಂಡು ಹಿಂದಿರುಗಿತು. ನಾನು ತೋಟದ ರೈಟರ ಕೋಣೆಯಲ್ಲಿ ಉಳಿದುಕೊಂಡೆ. ತೋಟಗಳಲ್ಲಿ ಗುಮಾಸ್ತರನ್ನು ರೈಟರ್ ಎನ್ನುತ್ತಾರೆ. ಅವರು ಮಲಯಾಳದ ನಾಡಿನಿಂದ ಬಂದು ಕನ್ನಡವನ್ನು ಅಚ್ಚುಕಟ್ಟಾಗಿ ಕಲಿತವರು. ಬೆಳಿಗ್ಗೆ ನನ್ನನ್ನು ಕಣಕ್ಕೆ ಕರೆದೊಯ್ದರು. ಸಿಮೆಂಟಿನ ದೊಡ್ಡ ಕಣದ ತುಂಬ ಹಣ್ಣು ಹರಡಿತ್ತು. ಒಂದು ತುದಿಯಲ್ಲಿ ಕೆಂಪು, ಮಧ್ಯದಲ್ಲಿ ಕಂದು, ಇನ್ನೊಂದು ತುದಿಯಲ್ಲಿ ಕಪ್ಪು. ಮರದ ಹಲುಬೆಯಿಂದ ಅದನ್ನು ದಿನಕ್ಕೆ ಹಲವು ಸಲ ತಿರುವುತ್ತಾರೆ. ಒಣಗಿದ್ದನ್ನು ಒಂದು ಹಿಡಿ ಎತ್ತಿ ಕಿವಿಯ ಬಳಿ ಅಲ್ಲಾಡಿಸಿದರೆ ಒಳಗಿನ ಬೀಜ ಗಲಗಲ ಎನ್ನಬೇಕು. ಆಗ ಚೀಲಕ್ಕೆ ತುಂಬುತ್ತಾರೆ.

ಹುಣಸೂರಿನಲ್ಲಿ ಕನ್ನಡಕಕ್ಕೆ ಅಡ್ಡಿಯಿದೆ ಎಂಬ ಮಾತು ನಿಜವೇ ಎಂದು ರೈಟರನ್ನು ಕೇಳಿದೆ.

"ಎಲ್ಲಾ ವರ್ಕ್ಸಲ್ಲಿ ಇಲ್ಲ ಸಾರ್. ನಮ್ಮ ಕಾಫಿ ಹೋಗೋ ಕಡೆ ಉಂಟು" ಎಂದರು. "ಅದು ಅವರ ರೂಲ್."

"ಯಾರು ಮಾಡಿದ ರೂಲ್?"

"ಅದನ್ನು ನಾನು ಕೇಳಿಲ್ಲ. ನಮ್ಮ ಚೀಲಕ್ಕೂ ಅವರ ಕಣ್ಣಿಗೂ ಏನು ಸಂಬಂಧ?"

ಲಾರಿ ಹತ್ತು ಗಂಟೆಗೆ ಹೊರಟಿತು. ಚೀಲಗಳ ಮೇಲೆ ಟಾರ್ಪಾಲು, ಚಾಲಕನ ಪಕ್ಕ ನಾನು. ಬಂದ ದಾರಿಯಲ್ಲೇ ಕಾಡು ದಾಟಿ ಪಿರಿಯಾಪಟ್ಟಣಕ್ಕೆ ಬಂದೆವು. ಅಲ್ಲಿ ಚಾಲಕ ಲಾರಿ ನಿಲ್ಲಿಸಿ ಟೀ ಕುಡಿದ. ಹತ್ತು ವರ್ಷದಿಂದ ಕಾಫಿ ಸಾಗಿಸುತ್ತಿದ್ದಾನಂತೆ. ಕಾಫಿ ಏಕೆ ಬೇಡ ಎಂದು ಕೇಳಿದರೆ "ಅದ್ರ ವಾಸ್ನೆ ಸಾಕಾಗೋಗದೆ ಬುಡಿ ಸಾ" ಎಂದ. ಹುಣಸೂರಿಗೆ ಬಂದಾಗ ಮಧ್ಯಾಹ್ನ ಮೀರಿತ್ತು. ವರ್ಕ್ಸಿನ ಗೇಟಿನ ಮುಂದೆ ಲಾರಿಗಳ ಸಾಲಿತ್ತು. ಚೀಲ ಇಳಿಸುವುದನ್ನು ನೋಡಿದೆ. ಪ್ರತಿ ಚೀಲಕ್ಕೂ ಚೂಪಾದ ಕೊಳವೆ ಚುಚ್ಚಿ ಮಾದರಿ ತೆಗೆಯುತ್ತಾರೆ. ಒಳಗಿನ ಕೆಲಸ ನೋಡಲು ಸೋಮವಾರ ಬನ್ನಿ ಎಂದು ಆಫೀಸಿನಲ್ಲಿ ಹೇಳಿದರು. ಬಸ್ ನಿಲ್ದಾಣದ ಬಳಿಯ ವಸತಿಗೃಹದಲ್ಲಿ ಇಳಿದುಕೊಂಡೆ. ಸೊಳ್ಳೆ ಹೇರಳವಾಗಿದ್ದವು, ನೀರು ಇರಲಿಲ್ಲ.

ನಡುವೆ ಭಾನುವಾರವೊಂದು ಸಿಕ್ಕಿತು. ಹದಮಾಡಿ ಹೊರಟ ಕಾಫಿ ಎಲ್ಲಿಗೆ ಹೋಗುತ್ತದೆಂದು ನೋಡಲು ಕೆ.ಆರ್. ನಗರದ ಬಸ್ಸು ಹತ್ತಿದೆ. ಅಲ್ಲಿನ ಕಾಫಿಪುಡಿ ಅಂಗಡಿಯೊಂದು ಈ ವರ್ಕ್ಸಿನಿಂದಲೇ ಬೀಜ ತರಿಸುತ್ತದೆಂದು ತಿಳಿದಿತ್ತು. ಗಂಟೆಯ ದಾರಿ. ಹುಣಸೂರಿನ ಕೆಮ್ಮಣ್ಣಿನ ಹೊಲಗಳು ಮುಗಿದು ನಾಲೆಯ ನೀರು ಕಂಡ ಗದ್ದೆಗಳು ಶುರುವಾದವು. ಕೊಯ್ಲಾಗಿ ಹುಲ್ಲಿನ ಮೆದೆಗಳು ನಿಂತಿದ್ದವು.

ಅಂಗಡಿಯ ಹಿಂಭಾಗದಲ್ಲಿ ಹುರಿಯುವ ಪೀಪಾಯಿ ಸುತ್ತುತ್ತಿತ್ತು. ಹಸಿರು ಬೀಜ ಹಳದಿಗೆ ತಿರುಗಿ, ಕಂದಾಗಿ, ಚಟಚಟ ಸಿಡಿದು ಎಣ್ಣೆ ಬಿಡುವವರೆಗೆ ನಿಂತು ನೋಡಿದೆ. ಹೊಗೆಯಿಂದ ಕಣ್ಣು ಉರಿಯಿತು. ಅಂಗಡಿಯ ಯಜಮಾನರು ಮುಚ್ಚುಮರೆಯಿಲ್ಲದೆ ಮಾತಾಡಿದರು. ಹುರಿಯದ ಬೀಜವನ್ನು ಒಂದು ಹಿಡಿ ನನ್ನ ಅಂಗೈಗೆ ಸುರಿದರು. ಅರ್ಧ ಬೀಜ, ಚೂರು, ಕಪ್ಪು, ತೂತು ಬಿದ್ದದ್ದು.

"ಇದು ಆರಿಸಿ ತೆಗೆದದ್ದಲ್ಲವೇ?" ಎಂದೆ.

"ಮತ್ತೆ? ಒಳ್ಳೇದು ಹಡಗು ಹತ್ತುತ್ತೆ ಸಾರ್. ನಮಗೆ ಇದು. ಕಪ್ಪಗೆ ಹುರಿದು, ಚಿಕೋರಿ ಬೆರೆಸಿದರೆ ಯಾರಿಗೂ ಗೊತ್ತಾಗಲ್ಲ. ಒಳ್ಳೇ ಗುಂಡು ಬೀಜದ ಪುಡಿನೂ ಇಟ್ಟಿದ್ದೀನಿ. ಕೇಳೋರು ನಾಲ್ಕು ಮನೆಯವರು, ಅಷ್ಟೇ."

ಬೆಟ್ಟದಪುರದ ಹೆಂಗಸರು ಬಿಡಿಸಿದ ಕಾಫಿಯಲ್ಲಿ ಹೆಂಗಸರೇ ಕೂತು ಬೇಡವೆಂದು ಎತ್ತಿ ಹಾಕಿದ್ದು ಕೆ.ಆರ್. ನಗರದ ಲೋಟಕ್ಕೆ, ಮೈಸೂರಿನ ಲೋಟಕ್ಕೆ ಬರುತ್ತದೆ. ಅವರು ಸೋಸಿ ಉಳಿಸಿದ್ದನ್ನು ಬೆಳೆದ ನಾಡಿನಲ್ಲಿ ಕುಡಿಯುವವರು ವಿರಳ. ವ್ಯಾಪಾರ ಹೀಗೆಯೇ ನಡೆಯುವುದು ಎಂದು ಹೇಳುವವರಿದ್ದಾರೆ. ಇರಲಿ. ಆದರೆ ಪುರವಣಿಗಳಲ್ಲಿ ನಾವು ಬರೆಯುತ್ತ ಬಂದಿರುವ ಘಮಘಮದ ವರ್ಣನೆಗಳಲ್ಲಿ ಈ ಮಾತನ್ನು ನೀವು ಯಾರೂ ಓದಿರಲಾರಿರಿ. ರೈಲು ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಕೂತು ಆ ಅಂಗಡಿಯದೇ ಪುಡಿಯ ಕಾಫಿ ಕುಡಿದೆ. ಬಿಸಿಯಾಗಿತ್ತು, ನೊರೆಯಿತ್ತು, ಚೆನ್ನಾಗಿಯೇ ಇತ್ತು. ಅದನ್ನೂ ದಾಖಲಿಸುತ್ತೇನೆ.

ಸೋಮವಾರ ಬೆಳಿಗ್ಗೆ ನಾನು ಹೋಗುವ ಹೊತ್ತಿಗೆ ವರ್ಕ್ಸಿನ ಗೇಟಿನ ಹೊರಗೆ ಇಪ್ಪತ್ತಕ್ಕೂ ಮೀರಿ ಹೆಂಗಸರು ಕಾಯುತ್ತಿದ್ದರು. ಸಾಕಮ್ಮ ಒಗೆದ ಸೀರೆಯುಟ್ಟು, ತಲೆಗೆ ಎಣ್ಣೆ ಹಾಕಿ ಬಾಚಿದ್ದಳು. ಡಬ್ಬಿ ಕೈಯಲ್ಲಿತ್ತು.

"ಇದ್ ಸಿಕ್ಬುಟ್ರೆ ಸಾಕು ಸಾ" ಎಂದಳು. "ಆ ಏರು ಅತ್ತಿ ಇಳ್ಯೋಕೆ ಈ ಕಾಲಲ್ಲಿ ಇನ್ನಾಯ್ಕಿಲ್ಲ."

ಒಳಗೆ ಮ್ಯಾನೇಜರ್ ನನ್ನನ್ನು ಮರ್ಯಾದೆಯಿಂದ ಬರಮಾಡಿಕೊಂಡರು. ಅವರ ಮೇಜಿನ ಹಿಂದಿನ ಗೋಡೆಯ ಮೇಲೆ ಕಟ್ಟುಹಾಕಿದ ದೊಡ್ಡ ಫೋಟೋ ಇತ್ತು. ಶಾಮಿಯಾನ, ವೇದಿಕೆ, ಹಾರ ಹಾಕಿಕೊಂಡ ಯಜಮಾನರು. ಅವರು ಒಬ್ಬ ಹೆಂಗಸಿನ ಕಿವಿಗೆ ಕನ್ನಡಕ ಸಿಕ್ಕಿಸುತ್ತಿದ್ದಾರೆ. ಹೆಂಗಸು ಗಾಬರಿಯಿಂದ ಕಣ್ಣು ಮುಚ್ಚಿದ್ದಾಳೆ. ಕಣ್ಣಿನ ಶಿಬಿರದ್ದೇ ಎಂದು ಮ್ಯಾನೇಜರ್ ಹೆಮ್ಮೆಯಿಂದ ಹೇಳಿದರು. ಸಂಸ್ಥೆಯವರೇ ಮುಂದೆ ನಿಂತು ಮಾಡಿಸಿದ್ದಂತೆ.

ಯಂತ್ರಗಳನ್ನು ತೋರಿಸಿದರು. ಸಿಪ್ಪೆ ಬಿಡಿಸುವುದು, ಬೀಜಕ್ಕೆ ಹೊಳಪು ಕೊಡುವುದು, ಜರಡಿಗಳ ಮೇಲೆ ಕುಣಿಸಿ ದಪ್ಪ ಸಣ್ಣ ಬೇರ್ಪಡಿಸುವುದು. ಸದ್ದಿನಲ್ಲಿ ಮಾತು ಕೇಳುತ್ತಿರಲಿಲ್ಲ. ಧೂಳು ನಾಲಗೆಗೂ ಹತ್ತಿತು. ಎಲ್ಲ ಯಂತ್ರಗಳನ್ನು ದಾಟಿ ಬಂದರೆ ಕೊನೆಗೆ ಆರಿಸುವ ಷೆಡ್ಡು. ತಗಡಿನ ಚಾವಣಿ, ಎತ್ತರದಲ್ಲಿ ಸಣ್ಣ ಕಿಟಕಿಗಳು. ನೆಲದ ಮೇಲೆ ಸಾಲಾಗಿ ಕೂತ ಹೆಂಗಸರು, ಪ್ರತಿಯೊಬ್ಬರ ಮುಂದೆ ಅಗಲವಾದ ತಟ್ಟೆ. ಮೇಲಿನಿಂದ ತೂಗುಬಿಟ್ಟ ಟ್ಯೂಬ್‌ಲೈಟುಗಳಲ್ಲಿ ಅರ್ಧದಷ್ಟು ಉರಿಯುತ್ತಿರಲಿಲ್ಲ. ತಲೆಯೆತ್ತಿ ಕೂತವರು ಒಬ್ಬರೂ ಇರಲಿಲ್ಲ. ಕೆಲವರ ಮೂಗು ತಟ್ಟೆಗೆ ತಾಗುವಷ್ಟು ಬಗ್ಗಿತ್ತು.

"ಕನ್ನಡಕ ಹಾಕಿದವರು ಇಲ್ಲಿ ಯಾರೂ ಇಲ್ಲವಲ್ಲ?" ಎಂದು ಕೇಳಿದೆ.

"ಬಿಡಲ್ಲ. ಗಾಜು ನೋಡಿ. ಒಡೆದು ಕಾಫಿಗೆ ಬಿದ್ದರೆ ಫಾರಿನ್ ಪಾರ್ಟಿ ಇಡೀ ಮಾಲು ವಾಪಸ್ ಕಳಿಸ್ತಾರೆ."

ನಾನು ಮೇಲೆ ನೋಡಿದೆ. ತಟ್ಟೆಗಳ ನೇರ ಮೇಲೆ ತಂತಿಯಲ್ಲಿ ತೂಗುತ್ತಿದ್ದ ಟ್ಯೂಬುಗಳಿಗೆ ಮುಚ್ಚಳವಿರಲಿಲ್ಲ. ಅವೂ ಗಾಜೇ ಅಲ್ಲವೇ ಎಂದೆ. ಅವರೂ ಮೇಲೆ ನೋಡಿದರು. "ಅದು ಬೇರೆ" ಎಂದರು.

ಹೊಸಬರ ಪರೀಕ್ಷೆ ಷೆಡ್ಡಿನ ಬಾಗಿಲಲ್ಲಿ ಶುರುವಾಯಿತು. ಪದ್ಧತಿ ಹೀಗೆ. ಆರಿಸದ ಬೀಜವನ್ನು ತಟ್ಟೆಗೆ ಸುರಿದು ಹೆಂಗಸಿನ ಮುಂದೆ ಇಡುತ್ತಾರೆ. ಸೂಪರ್ವೈಸರ್ ಹೊಸ್ತಿಲಾಚೆ ನಿಂತು ಬೀಡಿ ಹಚ್ಚುತ್ತಾನೆ. ಬೀಡಿ ಮುಗಿಯುವುದರೊಳಗೆ ತಟ್ಟೆ ಹಸನಾಗಬೇಕು. ಆಮೇಲೆ ಮ್ಯಾನೇಜರ್ ಬಗ್ಗಿ ನೋಡುತ್ತಾರೆ. ಮೂರು ತಪ್ಪು ಸಿಕ್ಕರೆ ಮನೆಗೆ. ಮೊದಲು ಕೂತ ಐದಾರು ಜನರಲ್ಲಿ ಇಬ್ಬರು ತಪ್ಪಿದರು. ಇಬ್ಬರೂ ಹಿಂದೆ ಇಲ್ಲೇ ಆರಿಸಿದ್ದ ಹಳಬರು. ಸೆರಗು ಕೊಡವಿಕೊಂಡು ಎದ್ದು ಹೋದರು. ಅವರು ಮುಕ್ಕಾಲು ಪಾಲು ಆರಿಸಿಟ್ಟಿದ್ದ ತಟ್ಟೆಗಳನ್ನು ಸೂಪರ್ವೈಸರ್ ಸಾಲಿನಲ್ಲಿ ಕೂತಿದ್ದ ಬೇರೆಯವರ ಮುಂದಕ್ಕೆ ತಳ್ಳಿದ.

ಸಾಕಮ್ಮನ ಸರದಿ ಬಂತು. ಕಾಲು ಚಾಚಿ ಕೂತಳು. ಡಬ್ಬಿ ತೆರೆದು ಕವರು ಬಿಡಿಸಿ ಕನ್ನಡಕ ತೆಗೆದಳು. ಸೆರಗಿನಿಂದ ಒರೆಸಿ, ಎಲ್ಲರೆದುರು ಹಾಕಿಕೊಂಡಳು.

"ಏಯ್, ತೆಗಿಯಮ್ಮ ಅದನ್ನ" ಎಂದ ಸೂಪರ್ವೈಸರ್.

"ಒಡ್ಯೋ ಗಾಜಲ್ಲ ಕಣಪ್ಪ ಇದು" ಎಂದು ಸಾಕಮ್ಮ ಉಗುರಿನಿಂದ ತಟ್ಟಿ ತೋರಿಸಿದಳು. "ಪಿಲಾಸ್ಟಿಕ್ಕು. ನಿಮ್ ಯಜಮಾನ್ರೇ ಕೊಟ್ಟವ್ರೆ. ನೀನು ಬೀಡಿ ಅಚ್ಕೋ."

ಸೂಪರ್ವೈಸರ್ ಮ್ಯಾನೇಜರ್ ಕಡೆ ನೋಡಿದ. ಮ್ಯಾನೇಜರ್ ನನ್ನ ಕಡೆ ನೋಡಿದರು. "ಮಾಡಲಿ ಬಿಡು" ಎಂದರು.

ಅವಳ ಎರಡೂ ಕೈಗಳು ತಟ್ಟೆಯ ಮೇಲೆ ಓಡಾಡಿದವು. ಬಲಗೈ ಆರಿಸುವಾಗ ಎಡಗೈ ಮುಂದಿನ ಸಾಲನ್ನು ಹರಡುತ್ತಿತ್ತು. ಕಪ್ಪು ಬೀಜ, ಚೂರು, ತೂತಿನದು ಬಲಬದಿಯ ಬಟ್ಟಲಿಗೆ ಟಿಕ್ ಟಿಕ್ ಎಂದು ಬೀಳುತ್ತಿದ್ದವು. ಬೀಡಿ ಇನ್ನೂ ಉದ್ದವಿರುವಾಗಲೇ ಅವಳು ಕೈಕಟ್ಟಿ ಕೂತಳು.

ಮ್ಯಾನೇಜರ್ ಜೇಬಿನಿಂದ ತಮ್ಮ ಕನ್ನಡಕ ತೆಗೆದು ಹಾಕಿಕೊಂಡರು. ತಟ್ಟೆಯ ಮೇಲೆ ಬಗ್ಗಿ ಪೆನ್ಸಿಲಿನಿಂದ ಬೀಜ ಸರಿಸುತ್ತ ನೋಡಿದರು. ಒಂದು ಕಡೆಯಿಂದ ನೋಡಿ ಮುಗಿಸಿ, ಮತ್ತೆ ಇನ್ನೊಂದು ಕಡೆಯಿಂದ ನೋಡಿದರು. ಉಳಿದವರ ತಟ್ಟೆಗಳಿಗೆ ಇಷ್ಟು ಹೊತ್ತು ಹಿಡಿದಿರಲಿಲ್ಲ. ಕೊನೆಗೆ ನೆಟ್ಟಗಾದರು.

"ಹ್ಞೂಂ. ಈಗ ಕನ್ನಡಕ ತೆಗೆದಿಟ್ಟು ಇನ್ನೊಂದು ತಟ್ಟೆ ಮಾಡು."

ಸಾಕಮ್ಮ ತಲೆಯೆತ್ತಿ ಅವರ ಮುಖ ನೋಡಿದಳು. "ನೀವೂ ನಿಮ್ದ ತಗ್ದಿಟ್ಟು ಈ ತಟ್ಟೇಲಿ ತಪ್ಪ ಉಡುಕಿ ಬುದ್ಧಿ. ಒಂದು ಸಿಕ್ಲಿ, ನಾನೂ ತಗ್ದು ಮಾಡ್ತೀನಿ."

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಗು ಆ ತುದಿಯವರೆಗೆ ಹರಿಯಿತು. ಬಗ್ಗಿದ್ದ ತಲೆಗಳು ಮೇಲೆದ್ದವು. ಮ್ಯಾನೇಜರ ಮುಖ ಕೆಂಪಾಯಿತು.

"ಏಳು. ಆಚೆಗೆ ಹೋಗು" ಎಂದರು. ಆಮೇಲೆ ಸಾಲಿನ ಕಡೆ ತಿರುಗಿ, "ಏನ್ ಸಿನಿಮಾನಾ ಇದು? ಕೆಲಸ ನೋಡಿ" ಎಂದು ಗದರಿದರು.

ಸಾಕಮ್ಮ ಒಂದು ಕೈ ನೆಲಕ್ಕೂರಿ ನಿಧಾನವಾಗಿ ಎದ್ದಳು. ಡಬ್ಬಿ ಎತ್ತಿಕೊಂಡು ಕುಂಟುತ್ತ ಹೊರಗೆ ಹೋದಳು. ಕನ್ನಡಕ ತೆಗೆಯಲಿಲ್ಲ. ಸೂಪರ್ವೈಸರ್ ಅವಳ ತಟ್ಟೆಯನ್ನು ಎತ್ತಿದ. ಯಾರ ಮುಂದಕ್ಕೂ ತಳ್ಳಲಿಲ್ಲ. ಹಡಗಿಗೆ ಹೋಗುವ ಮಾಲಿನ ಚೀಲಕ್ಕೆ ನೇರವಾಗಿ ಸುರಿದ. ಆಮೇಲೆ ಮುಂದಿನವರನ್ನು ಕರೆದ.

ನಾನು ಮ್ಯಾನೇಜರ ಜೊತೆ ಅವರ ಕೋಣೆಗೆ ಹೋದೆ. ಕಾಫಿ ತರಿಸಿದರು. ಎರಡು ಪ್ರಶ್ನೆ ಕೇಳಿದೆ. ಕನ್ನಡಕ ಕೂಡದೆಂಬ ಷರತ್ತು ಯಾವ ಖರೀದಿದಾರರದು? ಅದು ಎಲ್ಲಾದರೂ ಬರಹದಲ್ಲಿದೆಯೇ? ಮೊದಲನೆಯದಕ್ಕೆ "ಎಲ್ಲರೂ ಕೇಳ್ತಾರೆ" ಎಂದರು. ಎರಡನೆಯದನ್ನು ಕೇಳಿದಾಗ ಕಾಫಿಯ ಲೋಟವನ್ನು ನನ್ನ ಕಡೆ ಸರಿಸಿದರು. ಅವರು ಕೆಟ್ಟ ಮನುಷ್ಯರೆಂದು ನನಗೆ ಅನ್ನಿಸಲಿಲ್ಲ. ಕೋಪ ಇಳಿದ ಮೇಲೆ, ಯೋಚಿಸದೆ, ಸಹಜವಾಗಿ ಹೇಳಿಬಿಟ್ಟರು:

"ನೋಡಿ ಸಾರ್, ಒಬ್ಬಳಿಗೆ ಬಿಟ್ಟರೆ ನಾಳೆ ಅರ್ಧ ಷೆಡ್ಡು ಕನ್ನಡಕ ಹಾಕ್ಕೊಂಡು ಕೂರುತ್ತೆ. ಯಾರಾದರೂ ಆಫೀಸರು ಬಂದು ನೋಡಿದರೆ ಏನು ಕೇಳ್ತಾರೆ? ಈ ಕೆಲಸದಿಂದಲೇ ಕಣ್ಣು ಹೋಯ್ತಾ ಅಂತ ಕೇಳ್ತಾರೆ. ಆಮೇಲೆ ಇವರೂ ಕೇಳೋಕೆ ಶುರು ಮಾಡ್ತಾರೆ."

ಇಷ್ಟೇ ವಿಷಯ. ಮಬ್ಬು ಬೆಳಕಿನಲ್ಲಿ ವರ್ಷಗಟ್ಟಲೆ ಬಗ್ಗಿ ಕೂರಿಸಿದ್ದಾಯಿತು. ಕಣ್ಣು ಮಂಜಾದವರನ್ನು ವೇದಿಕೆಗೆ ಕರೆದು ಕನ್ನಡಕ ಕೊಟ್ಟಿದ್ದಾಯಿತು. ಅದರ ಫೋಟೋ ಗೋಡೆಗೆ ಏರಿದ್ದಾಯಿತು. ಕನ್ನಡಕ ಷೆಡ್ಡಿನೊಳಗೆ ಬರದಿರುವ ತನಕ ಅಲ್ಲಿ ಎಲ್ಲರ ಕಣ್ಣೂ ಚೆನ್ನಾಗಿವೆ. ದಾನ ಮಾಡಲು ಯೋಗ್ಯವಾದ ವಸ್ತು ಬಳಸಲು ಅಪರಾಧವಾಗುವುದು ಹೇಗೆಂದು ನಾನು ಅದುವರೆಗೆ ಕಂಡಿರಲಿಲ್ಲ.

ಹೊರಗೆ ಬಂದಾಗ ಸಾಕಮ್ಮ ರಸ್ತೆಯ ಆಚೆ ಹುಣಸೆಮರದ ಕೆಳಗೆ ಬೆಟ್ಟದಪುರದ ಬಸ್ಸಿಗೆ ಕಾಯುತ್ತಿದ್ದಳು.

"ನಾನ್ ಬಂದ್ಮ್ಯಾಲೆ ಏನಾರಾ ಸಿಕ್ತಾ ಸಾ, ಆ ತಟ್ಟೇಲಿ?"

"ಇಲ್ಲ. ಹಾಗೇ ಚೀಲಕ್ಕೆ ಸುರಿದರು."

"ಯಾವ್ ಚೀಲಕ್ಕೆ?"

"ಒಳ್ಳೆಯ ಮಾಲಿನ ಚೀಲಕ್ಕೆ."

ಬಸ್ಸು ಬಂತು. ಹತ್ತಿ ಎಂದು ನಿರ್ವಾಹಕ ಕೂಗಿದ. ಅವಳು ಹತ್ತಲಿಲ್ಲ. "ಸರಿಯಿತ್ತು ಅಂತ ಬಾಯ್ಬುಟ್ಟು ಯೋಳ್ನಿಲ್ಲ ಆವಯ್ಯ" ಎಂದು ತನಗೇ ಹೇಳಿಕೊಂಡಳು. "ಕೆಲ್ಸ ಕೊಡ್ದಿದ್ರೆ ಬುಡ್ಲಿ. ಕಣ್ಣು ಕಾಣ್ದ ಮುದ್ಕಿ, ಬಂದು ಓಗ್ಬುಟ್ಲು ಅಂತ ನಾಳೆ ಜನ ಅನ್ಕಬಾರ್ದು." ರಸ್ತೆ ದಾಟಿ ಗೇಟಿನ ಬಳಿಗೆ ಹೋದಳು. ಸಾಹೇಬರು ಈಗ ಸಿಗುವುದಿಲ್ಲವೆಂದ ಕಾವಲಿನವನಿಗೆ, ಸಿಕ್ಕಾಗ ಸಿಗಲಿ ಎಂದು ಹೇಳಿ ಕಲ್ಲಿನ ಮೇಲೆ ಕೂತಳು. ಮೈಸೂರಿನ ಬಸ್ಸುಗಳು ಒಂದರ ಹಿಂದೊಂದು ಹೋಗುತ್ತಿದ್ದವು. ನಾನೂ ಉಳಿದೆ.

ಬಿಸಿಲು ಸುಡುವಂತಿತ್ತು. ಮಧ್ಯಾಹ್ನ ಡಬ್ಬಿ ತೆಗೆದು ಅರ್ಧ ಮುದ್ದೆಯನ್ನು ನನಗೆ ಕೊಟ್ಟಳು. ಬೇಡವೆಂದರೆ ಕೇಳಲಿಲ್ಲ. ಸಂಜೆ ಷೆಡ್ಡು ಬಿಟ್ಟು ಹೆಂಗಸರು ಹೊರಗೆ ಬಂದರು. ಹಲವರು ಬಸ್ಸಿಗೆ ಓಡದೆ ಅಲ್ಲೇ ನಿಂತರು. "ಯಾಕಕ್ಕ, ಇನ್ನೂ ಓಗಿಲ್ವಾ?" ಎಂದು ಒಬ್ಬಳು ಕೇಳಿದಳು. "ಒಂದ್ ಮಾತು ಬಾಕಿ ಅದೆ ಕಣವ್ವ" ಎಂದಳು ಸಾಕಮ್ಮ.

ಮ್ಯಾನೇಜರ ಸ್ಕೂಟರ್ ಗೇಟಿಗೆ ಬಂದಾಗ ಅವಳು ಎದ್ದು ದಾರಿಯ ನಡುವೆ ನಿಂತಳು.

"ಮತ್ತೇನಮ್ಮ ನಿಂದು?"

"ಕೆಲ್ಸ ಕೇಳಾಕೆ ನಿಂತಿಲ್ಲ ಬುದ್ಧಿ. ತಟ್ಟೆ ಸರಿಯಿತ್ತಾ, ಇಲ್ವಾ? ಅಷ್ಟು ಯೋಳ್ಬುಡಿ, ಓಯ್ತೀನಿ."

ಅವರು ಅವಳನ್ನು ನೋಡಿದರು. ಸುತ್ತ ನಿಂತ ಹೆಂಗಸರನ್ನು ನೋಡಿದರು. ನನ್ನನ್ನೂ ನೋಡಿದರು. ಸ್ಕೂಟರಿನ ಇಂಜಿನ್ನು ನಿಂತುಹೋಯಿತು.

"ಸರಿಯಿತ್ತು" ಎಂದರು. "ಈಗೇನು?"

"ಏನಿಲ್ಲ ಬುದ್ಧಿ. ಓಗ್ಬನ್ನಿ" ಎಂದು ಸಾಕಮ್ಮ ಪಕ್ಕಕ್ಕೆ ಸರಿದಳು.

ಆ ಹೊತ್ತಿಗೆ ಬೆಟ್ಟದಪುರದ ಕಡೆಯ ಬಸ್ಸು ಬಂತು. ಹೆಂಗಸರು ನೂಕುನುಗ್ಗಲಿನಲ್ಲಿ ಹತ್ತಿದರು. ಅವಳ ಮಂಡಿಗೆ ಮೆಟ್ಟಿಲು ಎತ್ತರವಾಯಿತು. ಒಳಗಿನಿಂದ ಇಬ್ಬರು ರಟ್ಟೆ ಹಿಡಿದು ಮೇಲಕ್ಕೆಳೆದುಕೊಂಡರು. ಬೆಳಿಗ್ಗೆ ತೋಟದ ಜೀಪಿಗೆ ಹೋಗುವೆಯಾ ಎಂದು ಕೆಳಗಿನಿಂದ ಕೇಳಿದೆ. "ಓಗ್ದೆ?" ಎಂದಳು. ಬಸ್ಸು ಹೊರಟಿತು.

ನಾನು ಮೈಸೂರಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತೆ. ತಿರುಗಿ ನೋಡಿದಾಗ ವರ್ಕ್ಸಿನ ಚಾವಣಿಯ ಮೇಲೆ ಸಂಜೆಯ ಬಿಸಿಲಿತ್ತು, ಗೇಟು ಮುಚ್ಚಿತ್ತು, ಮುಂದೆ ಮರುದಿನ ಚೀಲ ಇಳಿಸಬೇಕಾದ ಲಾರಿಗಳು ಸಾಲುಗಟ್ಟಿದ್ದವು. ಮುಖ್ಯ ಸಂಗತಿಯನ್ನು ಮೊದಲ ಸಾಲಿನಲ್ಲೇ ಹೇಳಬೇಕೆಂದು ನಮಗೆ ಕಲಿಸುತ್ತಾರೆ. ಪ್ರಯಾಣದಲ್ಲಿ ಅದು ಸಿಕ್ಕಿದ್ದು ಕೊನೆಗೆ, ಹಾಗಾಗಿ ಕೊನೆಗೇ ಹೇಳುತ್ತಿದ್ದೇನೆ. ಬೆಟ್ಟದಪುರದ ಸಾಕಮ್ಮ ಆರಿಸಿದ ತಟ್ಟೆಯಲ್ಲಿ ಒಂದೂ ಕಪ್ಪು ಬೀಜ ಉಳಿದಿರಲಿಲ್ಲ. ಇದನ್ನು ವರ್ಕ್ಸಿನ ಮ್ಯಾನೇಜರೇ ಸಾಕ್ಷಿಗಳ ಮುಂದೆ ಒಪ್ಪಿದ್ದಾರೆ. ಸಾಕಮ್ಮನಿಗೆ ಕೆಲಸ ಸಿಗಲಿಲ್ಲ.